ಹೆಸರಿನ ಹಿಡಿ ಅಕ್ಕಿ

೧೯೯೦ನೆಯ ಇಸವಿ. ಆಗ ನನಗೆ ನಲವತ್ತೇಳು ವರ್ಷ ವಯಸ್ಸು. ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ವ್ಯಾಕರಣವನ್ನು ಕಲಿಸಿ, ಆ ಕೆಲಸವನ್ನು ಬಿಟ್ಟು, ಕುವೈತಿಗೆ ಬಂದು, ಸುಲೈಬಿಯಾದ ಒಂದು ಗೋದಾಮಿನಲ್ಲಿ ಪತ್ರವ್ಯವಹಾರದ ಗುಮಾಸ್ತನಾಗಿದ್ದೆ. ವಾಸ ಜಹ್ರಾದಲ್ಲಿ, ಉಳ್ಳಾಲದ ಕಡೆಯ ಬ್ಯಾರಿಯೊಬ್ಬರ ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಎದುರು ಮನೆಯಲ್ಲಿ ಬಳ್ಳಾರಿಯ ಕಡೆಯ ಕ್ರೈಸ್ತರೊಬ್ಬರಿದ್ದರು. ನನಗಿಂತ ತುಸು ಹಿರಿಯರು, ವಿಧುರರು. ಜಹ್ರಾದ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಜೊತೆಯಲ್ಲಿ ಎಪ್ಪತ್ತು ದಾಟಿದ ತಾಯಿ.

ಅವರದು ಅಪ್ಪಟ ಇಂಗ್ಲಿಷ್ ಕುಲನಾಮ. ಅದನ್ನು ಇಲ್ಲಿ ಬರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮರದ ಪೀಪಾಯಿ ಕಟ್ಟುವ ಕಸುಬಿನಿಂದ ಹುಟ್ಟಿದ ಹೆಸರು ಎಂದರೆ ಸಾಕು. ಮೈಬಣ್ಣವೂ ಆ ಹೆಸರಿಗೆ ಸಾಕ್ಷಿ ಹೇಳುವಷ್ಟು ಬಿಳುಪಾಗಿತ್ತು. ಅವರ ಅಜ್ಜ ಇಂಗ್ಲಿಷ್ ದೊರೆ, ರೈಲ್ವೆ ಸೇತುವೆಗಳ ಇಂಜಿನಿಯರ್, ಬಳ್ಳಾರಿಯಲ್ಲಿ ಮದುವೆಯಾಗಿ ಅಲ್ಲಿಯೇ ನೆಲೆಸಿದವನು ಎಂಬ ಕಥೆಯನ್ನು ಆ ತಾಯಿ ಕಟ್ಟಡದ ಎಲ್ಲರಿಗೂ ಹೇಳಿದ್ದರು.

ಅಂಗಡಿಯವರಿಗೆ ಅದೊಂದು ತಮಾಷೆಯ ವಸ್ತುವಾಗಿತ್ತು. "ಓ ದೊರೆಗಳೇ, ಎಂತ ಬೇಕು ಇವತ್ತು? ವಿಲಾಯತಿಯ ಬೆಣ್ಣೆ ಬಂದಿದೆ ಮಾರಾಯ್ರೆ, ನಿಮ್ಮ ಅಜ್ಜನ ಊರಿನದ್ದು."

"ಅಜ್ಜನ ಮನೀದೇ ಇರಬೇಕು ಬಿಡ್ರಿ," ಎನ್ನುತ್ತಿದ್ದರು ನೆರೆಯವರು. "ಅದಕ್ಕ ಇಷ್ಟು ತುಟ್ಟಿ."

ಒಮ್ಮೆ ಅವರೇ ಹೆಸರಿನ ಮೂಲವನ್ನು ಕೇಳಿದ್ದರಿಂದ, ಕಚೇರಿಯ ದೊಡ್ಡ ನಿಘಂಟನ್ನು ನೋಡಿ ಬಂದು ವಿವರಿಸಿದೆ. ಇಂಗ್ಲಿಷರ ಕುಲನಾಮಗಳು ಹೆಚ್ಚಾಗಿ ತಂದೆಯ ಹೆಸರು, ಊರು, ರೂಪ ಅಥವಾ ಕಸುಬಿನಿಂದ ಬಂದವು. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಒಂದು ಕಾಲದ ಅನ್ವರ್ಥನಾಮಗಳೇ ತಲೆಮಾರು ಕಳೆದಂತೆ ಅಂಕಿತನಾಮಗಳಾದವು. ಪೀಪಾಯಿ ಕಟ್ಟುವವನ ಮೊಮ್ಮಗ ಪೀಪಾಯಿಯನ್ನೇ ಕಾಣದಿದ್ದರೂ ಹೆಸರು ಅವನನ್ನು ಬಿಡುವುದಿಲ್ಲ.

"ಪೀಪಾಯಿ? ಆರ್ ಯು ಶೂರ್, ಮಾಸ್ತರ್ರೇ?" ಎಂದು ಅವರು ಮುಖ ಸಣ್ಣದು ಮಾಡಿದರು.

ತಾಯಿ ಒಳಗಿನಿಂದಲೇ ಹೇಳಿದರು: "ಪೀಪಾಯಿ ಮಾಡಿದವ ಅವರ ಮುತ್ತಾತ ಇದ್ದಾನು. ನಮ್ಮ ಮಾವ ಸೇತುವಿ ಕಟ್ಟಿದ. ಬರ್ಕೊಳ್ರಿ ಬೇಕಾದ್ರ."

ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಬಂತು. ಜಹ್ರಾ ಆ ಸೈನ್ಯದ ದಾರಿಯಲ್ಲಿಯೇ ಇದೆ. ಕೆಲವೇ ದಿನಗಳಲ್ಲಿ ಇಂಗ್ಲಿಷರನ್ನೂ ಅಮೆರಿಕದವರನ್ನೂ ಹುಡುಕಿ ಹಿಡಿದು ಇರಾಕಿಗೆ ಒಯ್ಯತೊಡಗಿದರು. ಅವರನ್ನು ಅಡಗಿಸಿಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಹೊರಟಿತು. ಅಂಗಡಿಯವರು ಮರುದಿನದಿಂದಲೇ 'ದೊರೆ' ಎಂಬ ಶಬ್ದವನ್ನು ನುಂಗಿಕೊಂಡರು. ಆದರೆ ಆ ಶಬ್ದ ಆಗಲೇ ಬೀದಿಯಲ್ಲಿ ಸಾಕಷ್ಟು ತಿರುಗಾಡಿಯಾಗಿತ್ತು. ನೆರೆಯವರು ಭಾರತದ ಪಾಸ್‌ಪೋರ್ಟನ್ನು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು ಮಲಗುತ್ತಿದ್ದರು. ಅದರಲ್ಲಿ ಅಚ್ಚಾಗಿದ್ದ ಹೆಸರು ಮಾತ್ರ ಪಾಸ್‌ಪೋರ್ಟಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಿತ್ತು.

ಅಕ್ಕಿ ದುರ್ಲಭವಾಯಿತು. ನಾವು ಮೂವರೂ ಅವರ ಮನೆಯಲ್ಲಿಯೇ ಒಟ್ಟಿಗೆ ಅಡುಗೆ ಮಾಡತೊಡಗಿದಾಗ ನಾನೊಂದು ವಿಚಿತ್ರವನ್ನು ಗಮನಿಸಿದೆ. ಅನ್ನಕ್ಕೆ ಅಕ್ಕಿ ತೊಳೆಯುವ ಮುನ್ನ ತಾಯಿ ಅದರಿಂದ ಒಂದು ಹಿಡಿ ತೆಗೆದು, ಹಾಲಿನ ಪುಡಿಯ ಹಳೆಯ ಡಬ್ಬಿಯೊಂದಕ್ಕೆ ಹಾಕಿ ಮುಚ್ಚುತ್ತಿದ್ದರು. ಮಗ ಸಿಡುಕಿದರು: "ಅವ್ವಾ, ಊಟಕ್ಕೇ ಸಾಲಂಗಿಲ್ಲ. ಅದನ್ನ ಯಾಕ ತುಂಬ್ತಿ?"

"ಸಭಾದ್ದು ಅದು. ಕೈ ಹಚ್ಚಬ್ಯಾಡ."

ಬಳ್ಳಾರಿಯ ಕಡೆ ಸಭೆಗಾಗಿ, ಎಂದರೆ ಚರ್ಚಿಗಾಗಿ, ಕ್ರೈಸ್ತ ಹೆಂಗಸರು ಹಿಡಿ ಅಕ್ಕಿ ತೆಗೆದಿಡುವ ರೂಢಿ ಇರುವುದು ನನಗೂ ಗೊತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಧಿಕಾರಿಯೊಬ್ಬ ಇಬ್ಬರು ಸೈನಿಕರೊಂದಿಗೆ ಮೇಲೆ ಬಂದ. ದುಭಾಷಿಯಾಗಲೆಂದು ಅಂಗಡಿಯವರನ್ನೂ ಎಳೆದುಕೊಂಡು ಬಂದಿದ್ದ. ಈ ಮನೆಯಲ್ಲಿ ಒಬ್ಬ ಇಂಗ್ಲಿಷಿನವನಿದ್ದಾನೆಂದು ಬೀದಿಯಲ್ಲಿ ಕೇಳಿ ಬಂದಿದ್ದನಂತೆ. ನೆರೆಯವರು ಪಾಸ್‌ಪೋರ್ಟನ್ನು ಒಪ್ಪಿಸಿದರು. ಅವನು ಹೆಸರನ್ನು ಓದಿದ, ಮುಖವನ್ನು ನೋಡಿದ, ಮತ್ತೆ ಹೆಸರನ್ನು ಓದಿದ. ಅಷ್ಟರಲ್ಲಿ ಸೈನಿಕನೊಬ್ಬ ಅಡುಗೆಮನೆಯ ಕಪಾಟಿನ ಹಿಂಬದಿಯಿಂದ ಆ ಡಬ್ಬಿಯನ್ನು ತಂದು ಮುಚ್ಚಳ ತೆರೆದು ತೋರಿಸಿದ. ಅದು ಮುಕ್ಕಾಲು ತುಂಬಿತ್ತು.

ಅಧಿಕಾರಿ ಏನೋ ಕೇಳಿದ. ಅಂಗಡಿಯವರು ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಇವರು ಕೇಳುವುದು... ಮನೆಯವರ ಅಕ್ಕಿ ಚೀಲದಲ್ಲಿದೆ. ಹಾಗಾದ್ರೆ ಅಡಗಿಸಿಟ್ಟ ಈ ಅಕ್ಕಿ ಯಾರಿಗೆ ಅಂತ. ಇಲ್ಲಿ ಎಲ್ಲಿಯೋ ಇಂಗ್ಲಿಷಿನವರನ್ನು ಬಚ್ಚಿಟ್ಟು ಅನ್ನ ಹಾಕ್ತಾ ಇದ್ದಾರಂತೆ, ಅಜ್ಜನ ಕಡೆಯವರನ್ನು."

"ಚರ್ಚಿಂದು, ಚರ್ಚಿಗೆ ಕೊಡೋ ಅಕ್ಕಿ ಅಂತ ಹೇಳ್ರಿ," ಎಂದರು ನೆರೆಯವರು.

ಜಹ್ರಾದಲ್ಲಿ ಚರ್ಚು ಎಲ್ಲಿದೆ ಎಂದು ಅಧಿಕಾರಿ ಕೇಳಿದ. ಇರಲಿಲ್ಲ. ಸೈನಿಕನೊಬ್ಬ ನೆರೆಯವರ ತೋಳನ್ನು ಹಿಡಿದ.

ಆಗ ತಾಯಿ ಎದ್ದು ನಿಂತರು. "ಏ ಸಾಹುಕಾರ," ಎಂದು ಅಂಗಡಿಯವರನ್ನು ಕರೆದರು. "ನಾ ಹೇಳಿದ್ದನ್ನ ಹೇಳಿದಂಗ ಅವನಿಗೆ ಹೇಳು. ಕೂಡಿಸಬ್ಯಾಡ, ಕಳೀಬ್ಯಾಡ. ಆ ಹೆಸರು ನಮ್ಮ ರಕ್ತದ್ದಲ್ಲ. ಧಾತು ವರ್ಷದ ಬರಗಾಲದಾಗ ನಮ್ಮ ಮಾವ, ನನ್ನ ಮಗನ ಅಜ್ಜ, ಕೂಸು. ಹೊಲದ ಬದುವಿನ ಮ್ಯಾಲ ಬಿದ್ದಿತ್ತು. ಯಾರ ಮಗ ಅಂತ ಹೇಳಾಕ ಸುತ್ತಮುತ್ತ ಒಬ್ಬರೂ ಉಳಿದಿರಲಿಲ್ಲ. ಮಿಶನ್ನಿನವರು ಎತ್ತಿಕೊಂಡು ಹೋಗಿ ಅನಾಥಾಲಯದಾಗ ಹಾಕಿದ್ರು. ವಿಲಾಯತಿಯೊಳಗ ಒಂದು ಮನಿಯವರು ರೊಕ್ಕ ಕಳಿಸಿ, ಈ ಕೂಸಿನ ಅನ್ನ ನಮ್ಮದು ಅಂದ್ರಂತ. ಅಂಥಾ ಕೂಸಿಗೆ ಅನ್ನ ಹಾಕಿದವರ ಹೆಸರು ಇಡೋದು ಅಲ್ಲಿಯ ಪದ್ಧತಿ. ಅವರು ಇವನ ಮಾರಿ ನೋಡಿಲ್ಲ, ಇವ ಅವರ ಮಾರಿ ನೋಡಿಲ್ಲ."

ಅಂಗಡಿಯವರು ಒಂದೊಂದೇ ವಾಕ್ಯವನ್ನು ಅರಬ್ಬಿಗೆ ತಿರುಗಿಸಿದರು.

"ಮಾವ ಸಾಯೋತನಕ ಅಡಗಿಗೆ ಮುಂಚೆ ಒಂದು ಹಿಡಿ ತಗಸ್ತಿದ್ದ. 'ಹೆಸರಿನ ಹಿಡಿ' ಅಂತಿದ್ದ. ಹಸಿದ ಕೂಸು ಬಾಗಿಲಿಗೆ ಬಂದ್ರ ಕೊಡಾಕ. ನನಗ ಆಣಿ ಹಾಕ್ಸಿದಾನ. ಇಲ್ಲಿ ಯಾರೂ ಬರಲಿಲ್ಲ, ತುಂಬೇತಿ."

"ಅವ್ವಾ, ಇಂಜಿನಿಯರ್?" ಎಂದರು ಮಗ. ತೋಳನ್ನು ಸೈನಿಕ ಇನ್ನೂ ಹಿಡಿದಿದ್ದ.

"ಅದು ಕೇಳೋರ ಬಾಯಿ ಮುಚ್ಚಾಕ. ಬಂದವರೆಲ್ಲಾ ಜಾತಿ ಕೇಳ್ತಾರ. ಮಾಸ್ತರ್ರು ಕೇಳಲಿಲ್ಲೇನು, ಮೊದಲನೇ ವಾರದಾಗ? ಸಾಹೇಬನ ಮೊಮ್ಮಗ ಅಂದ್ರ ಮುಂದ ಯಾರೂ ಕೇಳಂಗಿಲ್ಲ."

ಈ ಕೊನೆಯ ಮಾತನ್ನು ಅಂಗಡಿಯವರು ಅರಬ್ಬಿಗೆ ತಿರುಗಿಸಲಿಲ್ಲ. ಅಧಿಕಾರಿ ಡಬ್ಬಿಯೊಳಗಿನ ಅಕ್ಕಿಯಲ್ಲಿ ಕೈಯಾಡಿಸಿದ. ಅನಂತರ, ತಮ್ಮ ಕಡೆಯೂ ದಿಕ್ಕಿಲ್ಲದೆ ಬಂದು ಒಂದು ಬುಡಕಟ್ಟಿನ ಆಶ್ರಯದಲ್ಲಿ ಉಂಡವರು ಆ ಬುಡಕಟ್ಟಿನ ಹೆಸರನ್ನೇ ಹೊರುತ್ತಾರೆ, ಆದರೆ ಅವರನ್ನು ಯಾರೂ ಅದರ ಮಕ್ಕಳೆಂದು ಎಣಿಸುವುದಿಲ್ಲ ಎಂದನಂತೆ. ಕೈಸನ್ನೆ ಮಾಡಿದ, ಸೈನಿಕ ತೋಳನ್ನು ಬಿಟ್ಟ. ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದು, ಅಕ್ಕಿಯ ಡಬ್ಬಿಯನ್ನು ಎತ್ತಿಕೊಂಡು ಅವರು ಇಳಿದು ಹೋದರು.

ಮಗನನ್ನು ಉಳಿಸಿಕೊಂಡ ಮನೆಯಲ್ಲಿ ಸಂತೋಷ ಇರಬೇಕಿತ್ತು. ಆದರೆ ಮಗ ಅಂದಿನಿಂದ ತಾಯಿಯೊಡನೆ ಮಾತು ಬಿಟ್ಟರು. ಕೆಲವು ದಿನಗಳ ಬಳಿಕ ನಾವು ಮೂವರೂ ಊರಿಗೆ ಹೊರಟೆವು: ಬಸ್ರಾ, ಬಾಗ್ದಾದ್, ಅಮ್ಮಾನ್. ಬಸ್ಸಿನಲ್ಲಿ ಅವರಿಬ್ಬರ ನಡುವಿನ ಆಸನ ನನ್ನದು. ತಾಯಿಯ ನೀರಿನ ಬಾಟಲಿಯನ್ನು ಮಗ ನನ್ನ ಕೈಗೆ ಕೊಡುತ್ತಿದ್ದರು, ನಾನು ಆಕೆಗೆ ದಾಟಿಸುತ್ತಿದ್ದೆ. ಮರುಭೂಮಿಯ ಗಡಿಯಲ್ಲಿ ಕಾಯುತ್ತಿದ್ದಾಗ ಒಮ್ಮೆ ಮಾತ್ರ ಅವರು ನನ್ನನ್ನು ದಾಟಿ ಬಾಗಿ ಕೇಳಿದರು: "ನನ್ನ ಉಳಿಸಾಕ ಹೇಳಿದ ಸುಳ್ಳು ಅಲ್ಲೇನವ್ವಾ ಅದು? ನಿಜ ಹೇಳು."

"ನಿನಗ ಯಾವುದು ಬೇಕೋ ಅದನ್ನ ಇಟ್ಕೋ," ಎಂದು ಆಕೆ ಕಣ್ಣು ಮುಚ್ಚಿಕೊಂಡರು.

ಬೊಂಬಾಯಿಯಲ್ಲಿ ಇಳಿದು ನಾವು ಬೇರೆಯಾದೆವು. ಜೀವಭಯದಲ್ಲಿ ಆಡಿದ ಮಾತು ನಿಜವಿರಬಹುದು, ಸುಳ್ಳೂ ಇರಬಹುದು. ಊರಿನಲ್ಲಿ ಕುಳಿತು ನಾನು ಎಷ್ಟು ತರ್ಕಿಸಿದರೂ ನಿರ್ಣಯಕ್ಕೆ ಬರಲಾಗಲಿಲ್ಲ.

ಮರುವರ್ಷ ಯುದ್ಧ ಮುಗಿದ ಮೇಲೆ ನಾನು ಮರಳಿ ಹೋದೆ. ಕೆಲವು ವಾರಗಳ ಬಳಿಕ ಅವರೂ ಬಂದರು, ಒಬ್ಬರೇ. ತಾಯಿಯನ್ನು ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿ ಬಿಟ್ಟಿದ್ದರು. ಎಣ್ಣೆಬಾವಿಗಳ ಹೊಗೆಗೆ ಗೋಡೆ ಕಪ್ಪಾಗಿದ್ದ ಅದೇ ಕಟ್ಟಡದಲ್ಲಿ, ಚಹಾ ಕುಡಿಯುತ್ತ ಅವರೇ ವಿಷಯ ತೆಗೆದರು.

"ಬಂಧುಗಳನ್ನೆಲ್ಲಾ ಕೇಳಿದೆ, ಮಾಸ್ತರ್ರೇ. ಬಳ್ಳಾರಿ, ಗುಂತಕಲ್, ಗದಗ. ಎಲ್ಲಾರೂ ಇಂಜಿನಿಯರ್ ಕಥೀನೇ ಹೇಳಿದ್ರು. ಸೇಮ್ ಟು ಸೇಮ್. ಒಂದು ಶಬ್ದ ಆಚೀಚೆ ಇಲ್ಲ. ಯಾವ ಸೇತುವಿ ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ."

ಇದನ್ನು ನಾನು ತರಗತಿಯಲ್ಲಿ ಅದೆಷ್ಟೋ ಬಾರಿ ಕಂಡಿದ್ದೆ. ಕಂಡದ್ದನ್ನು ಬರೆದ ಮಕ್ಕಳ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಬಾಯಿಪಾಠ ಮಾಡಿದವರ ಉತ್ತರಗಳು ತಪ್ಪು ಕೂಡ ಬದಲಾಗದಂತೆ ಒಂದೇ ಆಗಿರುತ್ತವೆ. ಹಾಗೆಂದು ಹೇಳಿದೆ. ಅವರು ಲೋಟವನ್ನು ಕೆಳಗಿಟ್ಟು, "ನನಗೂ ಹಂಗ ಅನಿಸ್ತು," ಎಂದರು. ತಾಯಿಗೆ ಹೇಳಿದಿರಾ ಎಂದು ಕೇಳಿದೆ. ಅವರು ಎದ್ದು ಲೋಟ ತೊಳೆಯಲು ಒಳಗೆ ಹೋದರು.

ಇಕಾಮಾ, ಎಂದರೆ ವಾಸದ ಪರವಾನಗಿ, ಹೊಸದಾಗಿ ಮಾಡಿಸಲು ನಾವಿಬ್ಬರೂ ಒಟ್ಟಿಗೆ ಹೋದೆವು. ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ಕರಾವಳಿಯವರೇ ಬಹಳ. ಅವರಲ್ಲಿ ಅನೇಕರು ನೆರೆಯವರನ್ನು ದೊರೆಯ ಮೊಮ್ಮಗನೆಂದೇ ಬಲ್ಲವರು. ಕಿಟಕಿಯ ತರುಣ ಹೆಸರನ್ನು ಓದಿದವನೇ ಮುಖವರಳಿಸಿದ. ಕುವೈತನ್ನು ಇರಾಕಿನಿಂದ ಬಿಡಿಸಿಕೊಟ್ಟವರಲ್ಲಿ ಇಂಗ್ಲಿಷರೂ ಸೇರಿದ್ದರಲ್ಲ! "ಇಂಗ್ಲಿಝಿ?" ಎಂದು ಕೇಳಿ, ಖಾಲಿಯಿದ್ದ ಆಚೆಯ ಕಿಟಕಿಗೆ ಹೋಗುವಂತೆ ಕೈ ತೋರಿಸಿದ. ಹೌದೆಂದರೆ ಸಾಕಿತ್ತು, ಸಾಲಿನವರೂ ತಲೆಯಾಡಿಸುತ್ತಿದ್ದರು.

ನೆರೆಯವರು ಕದಲಲಿಲ್ಲ. ತಾವು ಭಾರತದವರು, ಅಜ್ಜ ಬರಗಾಲದ ಅನಾಥ, ಇದು ಅವನಿಗೆ ಅನ್ನ ಹಾಕಿದವರ ಹೆಸರು ಎಂದು ಇಂಗ್ಲಿಷಿನಲ್ಲಿ, ಸಾಲಿನ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ತರುಣ ಭುಜ ಕುಣಿಸಿ ಕಾಗದಗಳಿಗೆ ಮುದ್ರೆ ಒತ್ತತೊಡಗಿದ.

ಹಿಂದಿನಿಂದ ಒಬ್ಬರು ಬಹಳ ವಿನಯದಿಂದ ಕೇಳಿದರು: "ಹಾಗಾದ್ರೆ ಮೂಲದಲ್ಲಿ ನಿಮ್ಮದು ಯಾವ ಜಾತಿ, ಮಾರಾಯ್ರೆ?"

ನೆರೆಯವರು ಪೂರ್ತಿಯಾಗಿ ಅವರ ಕಡೆ ತಿರುಗಿ ನಿಂತರು.

"ಗೊತ್ತಿಲ್ರಿ," ಎಂದರು.

ಅಂದು ೧೯೯೧ನೆಯ ಇಸವಿ ಅಕ್ಟೋಬರ್ ೯, ಬುಧವಾರ.