ಮರೆವ್ವ ಜೋಪಾನ ಮಾಡಿದ ಚಿರತೆ ಹಲ್ಲಿ

ಬೆಳಗಿನ ಆರೂವರೆ. ಬೈಲಹೊಂಗಲದ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಬಾಗಿಲು ತೆರೆದ ಮರೆವ್ವ ಮೊದಲು ಗಾಜಿನ ಪೆಟ್ಟಿಗೆಯ ತಳಕ್ಕೆ ಅಂಗೈ ಹಚ್ಚಿ ನೋಡುತ್ತಾರೆ. ಕರೆಂಟಿನ ಕಾವಿಗೆ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಣ್ಣಗೆ. ಹಂಚಿನ ಚೂರಿನಡಿಯಿಂದ ಹಳದಿ ಮೈಯ, ಕರಿಚುಕ್ಕೆಗಳ ಹಲ್ಲಿಯೊಂದು ಇಣುಕುತ್ತದೆ. ‘ಚಳಿ ಆದ್ರ ಈ ಕಡೆ ಬರತೈತ್ರಿ, ಸೆಕಿ ಆದ್ರ ಆ ಕಡೆ ಸರೀತೈತಿ. ನಾವು ಚಳಿಗೆ ಕೌದಿ ಹೊಚ್ಕೊಂಡು, ಸೆಕಿಗೆ ತಗೀತೇವೆಲ್ರಿ, ಹಂಗ’ ಎನ್ನುತ್ತಾರೆ.

ಮರೆವ್ವನಿಗೆ ಐವತ್ತೊಂಬತ್ತು. ಸಂಪಗಾಂವದಿಂದ ಮೊದಲ ಬಸ್ಸಿಗೆ ಬಂದು ಕಸ ಗುಡಿಸುವುದು, ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಹನ್ನೆರಡು ವರ್ಷದ ಹಿಂದೆ ಅಧ್ಯಾಪಕರೊಬ್ಬರು ಪಾಠಕ್ಕೆಂದು ಬೆರಳುದ್ದದ ಈ ಚಿರತೆ ಹಲ್ಲಿಯನ್ನು ತಂದರು. ಮರುವರ್ಷವೇ ಅವರಿಗೆ ವರ್ಗವಾಯಿತು. ‘ನಾಕೈದು ವರ್ಷ ಬಾಳೀತು, ನೋಡ್ಕೋರಿ’ ಎಂದು ಹೇಳಿ ಹೋದರು. ಹಲ್ಲಿ ಮೈಮೇಲೆ ಬಿದ್ದರೆ ತಲೆಸ್ನಾನ ಮಾಡುತ್ತಿದ್ದ ಮರೆವ್ವ ಹೆದರುತ್ತಲೇ ಒಪ್ಪಿಕೊಂಡರು.

ಆ ವರ್ಷವೇ ಅವರಿಂದ ಒಂದು ತಪ್ಪಾಯಿತು. ಊರ ಪಕ್ಕದ ಸೋಯಾ ಹೊಲದ ಮಿಡತೆಗಳನ್ನು ಹಿಡಿದು ತಂದು ಹಾಕಿದರು. ಹಿಂದಿನ ದಿನ ಅಲ್ಲಿ ಕೀಟನಾಶಕ ಹೊಡೆದಿದ್ದು ಗೊತ್ತಿರಲಿಲ್ಲ. ಸಂಜೆಗೆ ಹಲ್ಲಿ ನಡುಗತೊಡಗಿತು. ಡಬ್ಬಿಯಲ್ಲಿಟ್ಟುಕೊಂಡು ಪಶುವೈದ್ಯ ಸಿದ್ದರಾಮ ಅವರಲ್ಲಿಗೆ ಓಡಿದರು.

‘ಏನ್ ತಿನ್ನಿಸೀರಿ?’ ಎಂದು ಅವರು ಕೇಳಿದರು.

‘ಮಿಡಚಿ ರೀ. ನನ್ನ ಕೈಯಾರ ವಿಷಾ ಹಾಕಿದ್ನೆಲ್ರೀ ಸಾಹೇಬ್ರ!’ ಮರೆವ್ವ ಅಲ್ಲೇ ಅತ್ತುಬಿಟ್ಟರು.

ಬೆಚ್ಚಗಿಡಿ, ಮೂತಿಯ ಮೇಲೆ ಹನಿ ಹನಿ ನೀರು ಬಿಡಿ ಎಂದರು ವೈದ್ಯರು. ಒಂಬತ್ತು ದಿನ ಅದು ಏನೂ ತಿನ್ನಲಿಲ್ಲ. ದಪ್ಪ ಬಾಲ ಸೊರಗಿ ಕಡ್ಡಿಯಾಯಿತು. ಅಲ್ಲಿ ಕೂಡಿಟ್ಟ ಕೊಬ್ಬೇ ಅದನ್ನು ಕಾಪಾಡಿತು. ಹತ್ತನೆಯ ದಿನ ಒಂದು ಹುಳು ನುಂಗಿತು.

ಅಂದಿನಿಂದ ಮರೆವ್ವ ಹೊರಗಿನ ಹುಳು ಮುಟ್ಟಿಲ್ಲ. ಬಕೆಟ್ಟಿನಲ್ಲಿ ತೌಡು, ಕ್ಯಾರೆಟ್ ಹಾಕಿ ತಾವೇ ಹುಳು ಬೆಳೆಸುತ್ತಾರೆ. ದಿನ ಬಿಟ್ಟು ದಿನ ಐದಾರು ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಪೊರೆ ಬಿಡುವ ಕಾಲಕ್ಕೆ ಒದ್ದೆ ಬಟ್ಟೆಯ ಡಬ್ಬಿ ಇಡುತ್ತಾರೆ. ‘ಬೆರಳಾಗ ಪೊರಿ ಉಳದ್ರ ಬೆರಳ ಉದರತಾವ್ರಿ. ಒಂದೊಂದೂ ನೋಡಬೇಕು. ಬಾಲಾ ಮಾತ್ರ ಹಿಡದ ಎತ್ತಬಾರದು, ಕಳಚತೈತಿ.’

ಮೇ ತಿಂಗಳಿಗೆ ಮರೆವ್ವನ ನಿವೃತ್ತಿ. ಚೆನ್ನಾಗಿ ನೋಡಿಕೊಂಡರೆ ಈ ಹಲ್ಲಿ ಹದಿನೈದು, ಇಪ್ಪತ್ತು ವರ್ಷವೂ ಬದುಕುತ್ತದೆ ಎಂದು ಹೊಸ ಅಧ್ಯಾಪಕಿ ಸಂಘಮಿತ್ರಾ ಹೇಳಿದ ದಿನ ಮರೆವ್ವ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡರಂತೆ. ‘ಖುಷಿನೂ ಆತು, ಎದಿ ಧಸಕ್ಕನೂ ಅಂತು. ನಾ ಹ್ವಾದ ಮ್ಯಾಲೆ ಯಾರ್ರಿ?’

ಮನೆಗೇ ಒಯ್ಯಿರಿ ಎಂದರು ಪ್ರಾಂಶುಪಾಲರು. ಮನೆಯಲ್ಲಿ ಕರೆಂಟು ಯಾವಾಗೆಂದರೆ ಆವಾಗ ಹೋಗುತ್ತದೆ, ಅದಕ್ಕೆ ಕಾವು ಸಿಗುವುದಿಲ್ಲ ಎಂದು ಮರೆವ್ವ ಬೇಡವೆಂದರು. ಆಮೇಲೆ ಸಂಘಮಿತ್ರಾರೇ ಬಂದು ‘ಅಕ್ಕಾರ, ನನಗ ಕಲಿಸ್ರಿ’ ಎಂದರು. ತಿಂಗಳಿಂದ ಅವರೂ ಬೆಳಿಗ್ಗೆ ಬೇಗ ಬರುತ್ತಿದ್ದಾರೆ.

ಇಂದು ಮರೆವ್ವ ದೂರ ನಿಂತರು. ಸಂಘಮಿತ್ರಾ ಹಿಡಿದ ಹುಳುವನ್ನು ಹಲ್ಲಿ ಬಹಳ ಹೊತ್ತು ದಿಟ್ಟಿಸಿ, ಬಾಲ ಆಡಿಸಿ, ಗಪ್ಪನೆ ಹಿಡಿಯಿತು.

‘ಅದು ನನ್ನ ನೆನಪ ಇಟ್ಕೊಳ್ಳಲಿ ಅಂತೇನಿಲ್ರಿ’ ಎನ್ನುತ್ತಾರೆ ಮರೆವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. ‘ಮೇಡಮ್ಮಾರ ಕೈಯಾಗೂ ಉಣ್ಣಾಕ ಕಲತ್ರ, ನಾ ಕಲಿಸಿದ್ದು ಸಾರ್ಥಕ ಆತು.’