ಪಂಪಿನ ಪೆಟ್ಟಿಗೆಯೊಳಗಿನ ನಮ್ಮೂರ ಪೇಪರು

ಅಣ್ಣ ನನ್ನಲ್ಲಿ ಕೇಳಿದ್ದು ಎರಡು ಗೆರೆಯ ಕಾಗದ. ನಾನು ಅದನ್ನು ಬರೆಯಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಎರಡು ಗೆರೆ ಬರೆಯಲು ಅಷ್ಟು ಸಾಕಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಹರೈನಿನ ಹಿದ್‌ನಲ್ಲಿ ಯಂತ್ರಗಳ ಒಂದು ಗೋದಾಮಿನಲ್ಲಿ ಪೇಂಟರ್ ಆಗಿದ್ದೆ. ಅಣ್ಣ ಪೂರ್ವ ಆಫ್ರಿಕಾದ ಒಂದು ದೇಶದಲ್ಲಿ, ಸರಕಾರದ ನೀರಿನ ಇಲಾಖೆಯಲ್ಲಿ ಪಂಪ್ ಫಿಟ್ಟರ್. ಬಿಳಿಯರು ಬಿಟ್ಟುಹೋಗಿ ಮೂವತ್ತು ವರ್ಷವಾದರೂ ಅಲ್ಲಿಯ ಹಳ್ಳಿಗಳಲ್ಲಿ ಹೆಂಗಸರು ಹೊಳೆಯಿಂದಲೇ ನೀರು ಹೊರುತ್ತಾರೆ ಎಂದು ಬರೆಯುತ್ತಿದ್ದ. ಈಗ ಪರದೇಶದ ನೆರವು ಬಂದಿದೆ, ಹಳ್ಳಿಗೊಂದು ಹೊಸ ಪಂಪು ಬರುತ್ತದೆ ಎಂದು ಖುಷಿಯಲ್ಲಿದ್ದ.

ಆ ವರ್ಷವೇ ಅಣ್ಣನಿದ್ದ ದೇಶದ ಮಂತ್ರಿಯ ಭಾವಮೈದುನನೊಬ್ಬ ನಮ್ಮ ಗೋದಾಮಿಗೆ ಬಂದ. ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಅವನಿಗೆ ಚಹಾ ಕುಡಿಸಿ ಹಿಂಬದಿಯಲ್ಲಿ ಬಿದ್ದಿದ್ದ ಹಳೆಯ ಪಂಪುಗಳನ್ನು ತೋರಿಸಿದರು. ಬಿಲ್ಲು ಹೊಸ ಪಂಪಿನದು, ಮಾಲು ಹಳೆಯದು. ತುಕ್ಕು ಉಜ್ಜಿ ಹಸಿರು ಬಣ್ಣ ಬಳಿಯುವ ಕೆಲಸ ನನ್ನದು. ಪೆಟ್ಟಿಗೆಯ ಮೇಲೆ ಆ ದೇಶದ ಹೆಸರು ಹಾಕಿದವನೂ ನಾನೇ. ಅಷ್ಟು ದೊಡ್ಡ ದೇಶದಲ್ಲಿ ಇದು ಅಣ್ಣನ ಕೈಗೇ ಸಿಗಲಿಕ್ಕಿಲ್ಲ ಎಂದುಕೊಂಡೆ. ಬಣ್ಣಕ್ಕೆ ಗೀರು ಬೀಳದ ಹಾಗೆ, ರೂಮಿನಲ್ಲಿ ರಾಶಿ ಬಿದ್ದಿದ್ದ ಊರಿನ ಹಳೆ ಪೇಪರುಗಳನ್ನು ತಂದು ಸುತ್ತಿದೆ. ಮನೆಗೆ ಕಳಿಸುವ ಸಾಮಾನನ್ನೂ ನಾವು ಹಾಗೆಯೇ ಕಟ್ಟುತ್ತಿದ್ದೆವು. ಬೇರೇನೂ ಹೊಳೆಯಲಿಲ್ಲ.

ಐದು ತಿಂಗಳ ಮೇಲೆ ಅಣ್ಣನ ಕಾಗದ ಬಂತು. "ಬಹರೈನಿನಿಂದ ಬಂದ ಪೆಟ್ಟಿಗೆ ಬಿಚ್ಚಿದರೆ ನಮ್ಮೂರ ಪೇಪರು. ಕಟ್ಟಿದ್ದು ನೀನೇ ಇರಬೇಕು. ಪಂಪು ಒಂದೇ ವಾರದಲ್ಲಿ ನಿಂತಿತು. ನಾನು ಹಾಳು ಮಾಡಿದೆ ಎನ್ನುತ್ತಿದ್ದಾರೆ. ಅದು ಹಳೆಯ ಮಾಲು ಎಂದು ಎರಡು ಗೆರೆ ಬರೆದು ಸಹಿ ಹಾಕಿ ಕಳಿಸು. ವಿಚಾರಣೆಯಲ್ಲಿ ತೋರಿಸುತ್ತೇನೆ."

ನನ್ನ ಪಾಸ್‌ಪೋರ್ಟ್ ಮುದೀರರ ಕಪಾಟಿನಲ್ಲಿತ್ತು. ಸಹಿ ಹಾಕಿದರೆ ಮರುದಿನವೇ ವಿಮಾನ ಹತ್ತಿಸುತ್ತಿದ್ದರು. ನಾಳೆ ಬರೆದರಾಯಿತು ಎಂದು ಕಾಗದವನ್ನು ದಿಂಬಿನಡಿ ಇಟ್ಟೆ. ಹಾಗೆ ಎಷ್ಟೋ ನಾಳೆಗಳು ಕಳೆದವು. ಅಣ್ಣನ ಕೆಲಸ ಹೋಯಿತು.

ಊರಿಗೆ ಮರಳುವಾಗ ಅವನು ಬಹರೈನಿನಲ್ಲಿ ವಿಮಾನ ಬದಲಿಸಬೇಕಿತ್ತು. ಒಂದು ದಿನದ ವೀಸಾ ಪಡೆದು, ಹಿದ್‌ನ ಪಕ್ಕದ ಅರಾದ್‌ನಲ್ಲಿದ್ದ ನನ್ನ ರೂಮಿಗೆ ಬಂದ. ಅನ್ನ, ಮೀನು ಸಾರು ಬಡಿಸಿದೆ.

"ಆ ಪೇಪರಲ್ಲಿ ಯಕ್ಷಗಾನದ ಜಾಹೀರಾತು ಇತ್ತು ಮಾರಾಯ. ಮೊದಲು ಕೂತು ಅದನ್ನೇ ಓದಿದೆ. ಬಣ್ಣ ಕೆರೆದು ನೋಡಿದ್ದು ಪಂಪು ನಿಂತ ಮೇಲೆಯೇ," ಎಂದ.

"ಹಳ್ಳಿಯವರು ಈಗ ಎಂತ ಮಾಡ್ತಾರೆ?"

"ಪುನಃ ಹೊಳೆಗೇ ಹೋಗ್ತಾರೆ. ಪಂಪಿನ ಮೇಲೆ ಬಟ್ಟೆ ಒಣಗಿಸ್ತಾರೆ. ಬಣ್ಣ ಮಾತ್ರ ಸ್ವಲ್ಪವೂ ಹೋಗಲಿಲ್ಲ. ಒಳ್ಳೆ ಪೇಂಟರ್ ನೀನು."

"ವಿಚಾರಣೆಯಲ್ಲಿ ನನ್ನ ಹೆಸರು ಹೇಳಬಹುದಿತ್ತಲ್ಲ ಅಣ್ಣ?"

"ಹೇಳಿದ್ರೆ ನಿನ್ನ ಕೆಲಸವೂ ಹೋಗ್ತಿತ್ತು. ಮನೆಗೆ ದುಡಿಯುವವ ಒಬ್ಬನಾದ್ರೂ ಬೇಡ್ವಾ? ಊಟ ಮಾಡು."

ನಾನು ತಟ್ಟೆಯನ್ನು ಬದಿಗೆ ಸರಿಸಿದೆ.

"ಅಣ್ಣ, ಹಳೆಯದು ಅಂತ ಗೊತ್ತಿದ್ದೇ ಬಣ್ಣ ಹಾಕಿದೆ. ನಿನ್ನ ಕಾಗದವೂ ಸಿಕ್ಕಿತ್ತು. ಹೆದರಿ ಬರೀಲಿಲ್ಲ. ನನ್ನಿಂದ ತಪ್ಪಾಯ್ತು."