ಖಾಲಿ ಪುಟಕ್ಕೆ ಬಂದ ಮುಯ್ಯಿ

ಒಳ್ಳೆಯದೇನಾದರೂ ಆಯಿತೆಂದರೆ ನನಗೆ ಮೊದಲು ಬರುವುದು ಅನುಮಾನ. ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ನಮ್ಮದೇ ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ಒಡೆದವಳಲ್ಲ ನಾನು. ನನ್ನ ಗಂಡ ಇದನ್ನು ನೋಡಿ ನಗುತ್ತಾರೆ. ನಗಲಿ. ಒಳಗೆ ಕೊಳೆತದ್ದು ಸಿಕ್ಕಿದಾಗ ಮೂಗು ಮುಚ್ಚಿಕೊಂಡು ಓಡುವವರೂ ಅವರೇ.

ಹಾಗಾಗಿ ಹೋದ ವರ್ಷ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು, ನನ್ನ ಜಾಹೀರಾತಿನ ಆದಾಯ ಇದ್ದಕ್ಕಿದ್ದಂತೆ ಏರಿರುವುದನ್ನು ಕಂಡಾಗ ನನಗೆ ಖುಷಿಯಾಗಲಿಲ್ಲ. ಇದರಲ್ಲಿ ಯಾರದೋ ಕೈವಾಡವಿದೆ ಎಂದುಕೊಂಡೆ.

ಆ ಆದಾಯ ಎಲ್ಲಿಂದ ಬರುತ್ತಿತ್ತು ಎನ್ನುವುದನ್ನು ಮೊದಲು ಹೇಳಬೇಕು. ಮದುವೆಗೆ ಮುಂಚೆ ನಾನು ಚಿಕ್ಕನಾಯಕನಹಳ್ಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಮದುವೆಯಾಗಿ ದಬ್ಬೇಘಟ್ಟದ ಕಡೆಯ ಈ ಊರಿಗೆ ಬಂದ ಮೇಲೆ ನನ್ನ ಕೈಯಲ್ಲಿ ನನ್ನದು ಎನ್ನುವ ದುಡ್ಡಿಲ್ಲದಂತಾಯಿತು. ಗಂಡ ಕೆಟ್ಟವರೇನಲ್ಲ, ಕೇಳಿದರೆ ಕೊಡುತ್ತಾರೆ. ಆದರೆ ಕೇಳಬೇಕು. ಕೇಳಿದರೆ "ಯಾಕೆ?" ಅನ್ನುತ್ತಾರೆ. ತಲೆಗೆ ಹಚ್ಚುವ ಎಣ್ಣೆಗೂ, ತವರಿಗೆ ಹೋಗುವ ಬಸ್ ಚಾರ್ಜಿಗೂ ಆ "ಯಾಕೆ"ಗೆ ಉತ್ತರ ಹೇಳಿ ಹೇಳಿ ನನಗೆ ರೋಸಿಹೋಗಿತ್ತು.

ಸೆಂಟರಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಫೋನಿನಲ್ಲಿ ದಾರಿ ಹೇಳಿಕೊಟ್ಟಳು. ಪ್ರತಿ ವೆಬ್‌ಸೈಟಿಗೂ ಒಂದು ಹೆಸರು ಬೇಕಲ್ಲ, ಆ ಹೆಸರನ್ನಷ್ಟೇ ಕೊಂಡುಕೊಳ್ಳುವುದು. ವೆಬ್‌ಸೈಟ್ ಮಾಡುವುದಿಲ್ಲ. ಹೆಸರನ್ನು ಒಂದು ಕಂಪನಿಯವರ ವಶಕ್ಕೆ ಬಿಟ್ಟರೆ ಅವರು ಆ ಖಾಲಿ ಪುಟಕ್ಕೆ ಜಾಹೀರಾತು ತುಂಬುತ್ತಾರೆ. ನಾನು ಕೊಬ್ಬರಿಗೆ, ತೆಂಗಿನ ಸಸಿಗೆ, ತಿಪಟೂರಿನ ರೇಟಿಗೆ ಹೊಂದುವಂಥ ಕೆಲವು ಹೆಸರು ಕೊಂಡೆ. ಕೊಬ್ಬರಿ ರೇಟು ಹುಡುಕುತ್ತಾ ಎಲ್ಲಿಂದಲೋ ಯಾರೋ ಅಲ್ಲಿಗೆ ಬರುತ್ತಾರೆ. ಅಲ್ಲಿ ರೇಟು ಇರುವುದಿಲ್ಲ, ಟ್ರ್ಯಾಕ್ಟರು, ಗೊಬ್ಬರ, ಸಾಲದ ಜಾಹೀರಾತು ಇರುತ್ತವೆ. ಬಂದವರು ಅದರಲ್ಲಿ ಒಂದನ್ನು ಒತ್ತಿದರೆ ನನಗೆ ಚಿಲ್ಲರೆ ಕಾಸು. ಮೊದಲ ದುಡ್ಡು ಬ್ಯಾಂಕಿಗೆ ಬೀಳುವ ತನಕ ಇದು ಮೋಸವೇ ಎಂದು ನಂಬಿದ್ದೆ. ಬಿದ್ದ ಮೇಲೂ ಸ್ವಲ್ಪ ನಂಬಿದ್ದೆ. ಆ ದುಡ್ಡಿನಲ್ಲಿ ತಿಪಟೂರಿಗೆ ಹೋಗಿ ಒಂದು ಜೊತೆ ಚಪ್ಪಲಿ ಕೊಂಡೆ. ಯಾರೂ ಯಾಕೆ ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಾಲು ನೋಡಿಕೊಂಡು ಕೂತಿದ್ದೆ.

ನನ್ನ ಅತ್ತೆಗೆ ಮಾತ್ರ ಈ ವ್ಯವಹಾರ ಹಿಡಿಸಲಿಲ್ಲ, ಅಥವಾ ಹಾಗೆಂದು ನಾನು ತಿಳಿದೆ. ಹಸು, ಕರು, ಡೈರಿಗೆ ಹಾಲು ಹಾಕುವುದು ಎಲ್ಲ ಅವರದೇ ಯಜಮಾನಿಕೆ. ಒಂದು ದಿನ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ, ನಾನು ಆ ಪೆಟ್ಟಿಗೆಯೊಳಗೆ ಮಾರುವುದಾದರೂ ಏನು ಎಂದು ಕೇಳಿದರು. ಏನೂ ಮಾರುವುದಿಲ್ಲ ಎಂದೆ. ಏನೂ ಮಾರದೆ ದುಡ್ಡು ಬರುತ್ತದೆ ಎಂದರೆ ಅದು ಯಾರದೋ ಜೇಬಿನಿಂದ ಕದ್ದದ್ದೇ ಇರಬೇಕು ಎಂದರು. ಅವರಿಗೆ ತಿಳಿಯಲಿ ಎಂದು ಅಟ್ಟದ ಉದಾಹರಣೆ ಕೊಟ್ಟೆ. ನಾವು ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರಿ ಕೊಬ್ಬರಿಯಾಗುವ ತನಕ ಮುಟ್ಟದೆ ಬಿಡುತ್ತೇವಲ್ಲ, ಇದೂ ಹಾಗೇ ಎಂದೆ. ಅತ್ತೆ ಹುಣಸೆ ಬೀಜವನ್ನು ಪಕ್ಕಕ್ಕೆಸೆದು ನನ್ನ ಮುಖ ನೋಡಿದರು.

"ಅಟ್ಟದಾಗೆ ಕಾಯಾದ್ರೂ ಇರ್ತೈತೆ. ನಿನ್ ಅಟ್ಟದಾಗೆ ಏನೈತವ್ವ?"

ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದರು. ಒಬ್ಬರೋ ಇಬ್ಬರೋ, ಒಂದೊಂದು ದಿನ ಯಾರೂ ಇಲ್ಲ ಎಂದೆ. ಅವರ ಮುಖದಲ್ಲಿ ಏನೋ ಹಾದುಹೋಯಿತು. ಒಳಗೊಳಗೇ ಸಂತೋಷ ಎಂದು ನಾನು ಅರ್ಥ ಮಾಡಿಕೊಂಡೆ. ಅದಾಗಿ ಸ್ವಲ್ಪ ದಿನಕ್ಕೆ ತಮ್ಮ ಮೊಬೈಲು ತಂದು ನನ್ನ ಮುಂದೆ ಹಿಡಿದು, ನಿನ್ನ ಅಂಗಡಿ ನನ್ನ ಫೋನಿಗೂ ಹಾಕಿಕೊಡು ಎಂದರು. ಬೆಳಗಾದರೆ ದೇವರ ಪಟ, ಹೂವಿನ ಪಟ ಊರಿಗೆಲ್ಲ ಕಳಿಸುವವರು ಅವರು. ಇವರಿಗ್ಯಾಕೆ ಇದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇಲ್ಲ ಎನ್ನಲಾಗದೆ ಪುಟಗಳ ಲಿಂಕ್ ಕಳಿಸಿದೆ.

ಆಮೇಲೆ ಬಂದದ್ದು ಆ ಏರಿಕೆ. ನಾನು ಮೊದಲು ಅನುಮಾನಿಸಿದ್ದು ಗಂಡನನ್ನು. ನನ್ನನ್ನು ಸಮಾಧಾನ ಮಾಡಲು ಕದ್ದು ಒತ್ತುತ್ತಿದ್ದಾರೋ ಎಂದು ಅವರು ಸ್ನಾನಕ್ಕೆ ಹೋದಾಗ ಅವರ ಮೊಬೈಲು ನೋಡಿದೆ. ಅದರಲ್ಲಿ ಕೊಬ್ಬರಿ ಮಾರ್ಕೆಟ್ಟಿನ ಸುದ್ದಿ, ಕಬಡ್ಡಿ ಬಿಟ್ಟರೆ ಬೇರೇನಿಲ್ಲ. ಆಮೇಲೆ ಗೆಳತಿಯ ಮೇಲೆ ಅನುಮಾನ. ಈ ವ್ಯವಹಾರದಲ್ಲಿ ಆಗದವರು ಬೇಕೆಂದೇ ಒಂದೇ ಸಮನೆ ಒತ್ತಿ ಒತ್ತಿ, ಕಂಪನಿಯವರಿಗೆ ನಮ್ಮ ಮೇಲೆ ಸಂಶಯ ಬರುವಂತೆ ಮಾಡಿ ಖಾತೆ ಮುಚ್ಚಿಸುತ್ತಾರೆ ಎಂದು ಅವಳೇ ಹೇಳಿದ್ದಳು. ನಾವೇ ಒತ್ತಿಕೊಳ್ಳುವುದೂ, ನಮ್ಮವರಿಂದ ಒತ್ತಿಸುವುದೂ ಅವರ ಲೆಕ್ಕದಲ್ಲಿ ಕಳ್ಳತನವೇ. ಆದರೆ ಒತ್ತಿದವರು ಎಲ್ಲಿಯವರು ಎಂದು ನೋಡಿದರೆ ಎಲ್ಲ ನಮ್ಮ ಸೀಮೆಯವರೇ. ಹೊತ್ತು ನೋಡಿದರೆ ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತು, ಸಾಯಂಕಾಲ ಡೈರಿಗೆ ಹಾಲು ಹಾಕುವ ಹೊತ್ತು.

ಅಲ್ಲಿಂದ ನನ್ನ ಕಣ್ಣು ಅತ್ತೆಯ ಮೇಲೆ ನೆಟ್ಟಿತು. ಡೈರಿಗೆ ಹೋದವರು ಮೊದಲಿನ ಹಾಗೆ ಬೇಗ ಬರುತ್ತಿರಲಿಲ್ಲ. ಬೀದಿಯಲ್ಲಿ ಹೆಂಗಸರ ಜೊತೆ ನಿಂತಿದ್ದಾಗ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮೊಬೈಲು ಸೆರಗಿನ ಮರೆಗೆ ಹೋಗುತ್ತಿತ್ತು. ಸೊಸೆ ಕೈಯಲ್ಲಿ ನಾಲ್ಕು ಕಾಸು ಆಡುವುದು ಇವರಿಗೆ ಕಣ್ಣುರಿ ಎಂದು ತೀರ್ಮಾನ ಮಾಡಿಬಿಟ್ಟೆ. ಹೇಗೆ ಕೆಡಿಸಬೇಕೆಂದು ಯಾರು ಹೇಳಿಕೊಟ್ಟರು ಎನ್ನುವುದೊಂದೇ ಗೊತ್ತಾಗಲಿಲ್ಲ. ಅನ್ನ ಬಡಿಸುವಾಗಲೂ ಅವರ ಮುಖ ನೋಡುತ್ತಿರಲಿಲ್ಲ.

ಕಂಪನಿಯಿಂದ ಮೊದಲು ಎಚ್ಚರಿಕೆ ಬಂತು. ಹಿಂದೆಯೇ ಖಾತೆ ನಿಲ್ಲಿಸಿದ ಸುದ್ದಿ ಬಂತು. ಬರಬೇಕಿದ್ದ ದುಡ್ಡನ್ನು ಜಾಹೀರಾತು ಕೊಟ್ಟವರಿಗೇ ವಾಪಸ್ ಮಾಡುತ್ತೇವೆ ಎಂದಿತ್ತು. ನಾನು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕಣ್ಣೀರಿಟ್ಟೆ. ಅತ್ತು ಮುಗಿದ ಮೇಲೆ ಕೋಪ ಬಂತು. ಇವತ್ತು ಕೈಯಾರೆ ಹಿಡಿಯುತ್ತೇನೆ ಎಂದುಕೊಂಡು, ಸಾಯಂಕಾಲ ಅವರು ಹಾಲಿನ ಕ್ಯಾನು ಹಿಡಿದು ಹೊರಟ ಮೇಲೆ ಹಿಂದೆಯೇ ಹೋದೆ.

ಡೈರಿಯ ಪಕ್ಕದ ಹೊಂಗೆ ಮರದ ಮರೆಯಲ್ಲಿ ನಿಂತು ನೋಡಿದೆ. ಹೆಂಗಸರೆಲ್ಲ ಕ್ಯಾನುಗಳನ್ನು ಸಾಲಿಗಿಟ್ಟು ಮೊಬೈಲು ಹಿಡಿದು ನಿಂತಿದ್ದರು. ಅತ್ತೆ ಒಬ್ಬೊಬ್ಬರ ಹತ್ತಿರ ಹೋಗಿ "ನಿಂದಾಯ್ತೇನೇ?" ಎಂದು ವಿಚಾರಿಸುತ್ತಿದ್ದರು, ಮದುವೆ ಮನೆಯಲ್ಲಿ ಊಟವಾಯಿತೇ ಎಂದು ಕೇಳುವ ಹಾಗೆ. ಕಣ್ಣು ಕಾಣದ ಅಜ್ಜಿಯೊಬ್ಬರ ಬೆರಳು ಹಿಡಿದು ಇನ್ನೊಬ್ಬಳು ಒತ್ತಿಸಿದಳು. ಅಜ್ಜಿ ಒತ್ತಿ ಕೈಮುಗಿದರು. ಪಕ್ಕದ ಮನೆಯಾಕೆ ಟ್ರ್ಯಾಕ್ಟರು ಒತ್ತಲೋ ಸಾಲ ಒತ್ತಲೋ ಎಂದು ಕೇಳಿದಳು.

"ಸಾಲ ಒತ್ಬೇಡ, ಆಮ್ಯಾಕೆ ಮನೆತಾವ ಬತ್ತಾರೆ. ಟ್ರ್ಯಾಕ್ಟ್ರೇ ಒತ್ತು" ಎಂದರು ಅತ್ತೆ.

ಯಾರೋ ನನ್ನನ್ನು ಕಂಡರು. ಮೊಬೈಲುಗಳೆಲ್ಲ ಸೆರಗು ಸೇರಿದವು. ಅತ್ತೆ ತಿರುಗಿ ನೋಡಿ, ಏನೂ ಆಗದವರಂತೆ ಹಾಲು ಅಳೆಸಿ, ಖಾಲಿ ಕ್ಯಾನು ಎತ್ತಿಕೊಂಡು ನನ್ನ ಮುಂದೆ ನಡೆದರು. ತೋಟದ ದಾರಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಯಾಕತ್ತೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ಕ್ಯಾನು ಕೆಳಗಿಟ್ಟು, ಸಿಕ್ಕಿಬಿದ್ದವರ ಹಾಗೆ ನಕ್ಕರು.

"ಇನ್ನೇನ್ ಮಾಡ್ಲಿ? ನೀನ್ ಅಂಗ್ಡಿ ತೆಗ್ದೆ. ಒಬ್ರನ್ನೂ ಕರೀಲಿಲ್ಲ. ದಿನಾ ಯಾರೂ ಬರಾಕಿಲ್ಲ ಅಂದೆ. ನನ್ಗೆ ಅನ್ನ ಇಳೀಲಿಲ್ಲ ಕಣವ್ವ. ಊರಾಗೆ ಯಾರ್ ಮನೆ ಮದ್ವೆ ಆಗ್ಲಿ, ನಾಮಕರಣ ಆಗ್ಲಿ, ನಾನ್ ಮುಯ್ಯಿ ಮಾಡ್ದೆ ಬಂದೋಳಲ್ಲ. ನಿಮ್ ಮದ್ವೇಲಿ ಬಂದಿದ್ದು ಬಂತು. ಆಮ್ಯಾಕೆ ಮಾಡಿದ್ದೆಲ್ಲ ಹಂಗೇ ನಿಂತೈತೆ. ನಿಮ್ಗೊಂದು ಕೂಸಾದ್ರೆ ಅದ್ರ ನಾಮಕರಣಕ್ಕೆ ಬತ್ತೈತೆ ಅಂತ ಸುಮ್ನಿದ್ದೆ. ಆಗ್ಲಿಲ್ಲ, ಬುಡು. ನಿನ್ ಅಂಗ್ಡಿಗಾದ್ರೂ ಬರ್ಲಿ ಅಂತ ಎಲ್ರನ್ನೂ ಬಾಯ್ಬಿಟ್ಟು ಕೇಳ್ದೆ."

ನಾನು ತೆಂಗಿನ ಮರಕ್ಕೆ ಕೈಯೂರಿ ನಿಂತೆ. ಈ ಸೀಮೆಯಲ್ಲಿ ಮುಯ್ಯಿಯನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಅವರಿವರ ಕಾರ್ಯಕ್ಕೆ ನಾವು ಕೊಟ್ಟ ಉಡುಗೊರೆ, ನಮ್ಮ ಮನೆಯಲ್ಲಿ ಕಾರ್ಯವಾದಾಗ ತಾನಾಗಿ ತಿರುಗಿ ಬರಬೇಕು. ಕೇಳುವುದು ಅವಮಾನ. ಅತ್ತೆ ಮನೆಮನೆಯಲ್ಲಿ ಆ ಅವಮಾನ ನುಂಗಿಕೊಂಡು, ಮೊಮ್ಮಗುವಿನ ತೊಟ್ಟಿಲಿಗೆಂದು ಇಟ್ಟಿದ್ದನ್ನೆಲ್ಲ ನನ್ನ ಖಾಲಿ ಪುಟಕ್ಕೆ ಸುರಿದಿದ್ದರು. ಸುರಿದದ್ದರಿಂದಲೇ ಅದು ಮುಚ್ಚಿಹೋಗಿತ್ತು. ನಿಮ್ಮಿಂದಲೇ ನನ್ನ ಖಾತೆ ಹೋಯಿತು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಲೆಂದೇ ಬಂದಿದ್ದೆ.

ಸಾಕು ಅತ್ತೆ, ಅಂಗಡಿ ಕುದುರಿಕೊಂಡಿದೆ, ಇನ್ನು ತಾನಾಗಿ ನಡೆಯುತ್ತದೆ, ಯಾರಿಗೂ ತೊಂದರೆ ಕೊಡಬೇಡಿ ಎಂದೆ. ಅವರ ಮುಖ ಅರಳಿತು. ಆ ಮುಖದಲ್ಲಿ ಈ ಸಲ ಅನುಮಾನಿಸುವಂಥದ್ದು ಏನೂ ಇರಲಿಲ್ಲ.

ಕಂಪನಿಯವರಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಮ್ಮ ಊರಿನ ಹೆಂಗಸರು ನಾನು ಕೇಳದೆಯೇ ನನ್ನ ಮೇಲಿನ ಅಭಿಮಾನಕ್ಕೆ ಒತ್ತಿದ್ದಾರೆ ಎಂದೆ. ಅವರು ನಂಬಲಿಲ್ಲ, ಖಾತೆ ಶಾಶ್ವತವಾಗಿ ಮುಚ್ಚಿದ್ದೇವೆ ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಟ್ರ್ಯಾಕ್ಟರು ಬೇಡದವಳು ಟ್ರ್ಯಾಕ್ಟರು ಯಾಕೆ ಒತ್ತುತ್ತಾಳೆ ಎಂದು ಅವರಿಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿತ್ತು, ಅದೂ ಒಂದೇ ಸೂರಿನ ಕೆಳಗಿದ್ದುಕೊಂಡು. ಬೇರೆ ಕಂಪನಿಗಳಿಗೂ ಬರೆದು ನೋಡಿದೆ. ಯಾರೂ ತಿರುಗಿ ಬರೆಯಲಿಲ್ಲ. ಹೆಸರುಗಳು ಒಂದೊಂದಾಗಿ ಅವಧಿ ಮುಗಿದು ಕೈಬಿಟ್ಟು ಹೋದವು.

ಅತ್ತೆ ಆಗಾಗ ಎಷ್ಟು ಬಂತು ಎಂದು ಕೇಳುತ್ತಿದ್ದರು. ಬಂತು ಅತ್ತೆ ಎಂದಷ್ಟೇ ಹೇಳುತ್ತಿದ್ದೆ. ಎಷ್ಟು ಎಂದು ನಾನು ಬಾಯಿ ಬಿಡದ್ದನ್ನು ಕಂಡು ಅವರಿಗೆ ಅನುಮಾನ ಹತ್ತಿತು. ನಾನು ಲ್ಯಾಪ್‌ಟಾಪ್ ತೆಗೆದರೆ ಏನಾದರೂ ನೆಪ ಮಾಡಿಕೊಂಡು ಒಳಗೆ ಬಂದು ಇಣುಕುತ್ತಾರೆ. ಬ್ಯಾಂಕಿಗೆ ಹೋಗಿ ಬಂದರೆ ಚೀಲದ ಕಡೆ ನೋಡುತ್ತಾರೆ. ನಮ್ಮ ಸೊಸೆ ದುಡಿಮೆ ಚೆನ್ನಾಗಿದೆ, ಆದರೆ ಗಂಟು ಎಲ್ಲಿಟ್ಟಿದ್ದಾಳೆ ಎಂದು ನನಗೂ ಹೇಳುವುದಿಲ್ಲ ಎಂದು ಡೈರಿಯ ಹತ್ತಿರ ಹೇಳಿದರಂತೆ. ಅದು ದೂರೋ ಹೆಮ್ಮೆಯೋ ಎಂದು, ನನಗೆ ತಿಳಿಸಿದ ಪಕ್ಕದ ಮನೆಯಾಕೆಗೂ ಗೊತ್ತಾಗಲಿಲ್ಲ. ಮೊದಮೊದಲು ನನಗೆ ಬಹಳ ನೋವಾಯಿತು. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಅವರ ಹತ್ತಿರ ಹೋಗಿ ಕೂತಿದ್ದೇನೆ. ಅವರು ಕರುವಿನ ಮೈ ಸವರುತ್ತಾ ಏನವ್ವ ಎನ್ನುತ್ತಾರೆ. ಏನಿಲ್ಲ ಎಂದು ಎದ್ದು ಬರುತ್ತೇನೆ.

ಈಚೆಗೆ, ಆವತ್ತು ಟ್ರ್ಯಾಕ್ಟರು ಒತ್ತಿದ ಪಕ್ಕದ ಮನೆಯಾಕೆಯ ಮಗಳು ತುರುವೇಕೆರೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಮುಯ್ಯಿಗೆ ಏನಾದರೂ ಒಯ್ಯಬೇಕಿತ್ತು, ಅದೂ ಅತ್ತೆ ತಲೆಯೆತ್ತಿಕೊಂಡು ಒಯ್ಯುವಂಥದ್ದು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗಂಡನನ್ನು ಕೇಳಿದೆ. ಅವರು ಯಾಕೆ ಎಂದರು. ಮುಯ್ಯಿಗೆ ಎಂದೆ. ನಿನ್ನದೇ ಆದಾಯ ಇದೆಯಲ್ಲ ಎಂದರು. ಅದನ್ನು ಇಟ್ಟಿದ್ದೇನೆ ಎಂದು ಅವರಿಗೂ ಸುಳ್ಳು ಹೇಳಿ, ತಿಪಟೂರಿಗೆ ಹೋಗಿ ದೊಡ್ಡದೊಂದು ಹಿತ್ತಾಳೆ ಕೊಳಗ ತಂದೆ.

ಬಸ್ಸಿನಲ್ಲಿ ಅತ್ತೆ ಆ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದರು, ಬೆರಳಲ್ಲಿ ತಟ್ಟಿ ಸದ್ದು ಕೇಳಿದರು. ಆಮೇಲೆ ನನ್ನ ಕಡೆ ವಾಲಿ, ಹಿಂದಿನ ಸೀಟಿನವರಿಗೆ ಕೇಳಿಸದ ಹಾಗೆ ಹೇಳಿದರು.

"ಎಷ್ಟ್ ಬಚ್ಚಿಟ್ಟಿದ್ದೀಯ ಅಂತ ಈಗ ಗೊತ್ತಾಯ್ತು ಕಣೇ ನನ್ಗೆ."

"ಹೂಂ ಅತ್ತೆ" ಎಂದೆ.